‘ಏನೂ ಇಲ್ಲ’ ಎಂಬ ಮಾತು

ಕಣದಲ್ಲಿ ರಾಗಿಯ ರಾಶಿಯಿದೆ. ಒಂದು ಕಾಳು ತೆಗೆದರೆ ರಾಶಿ ರಾಶಿಯಾಗಿಯೇ ಉಳಿಯುತ್ತದೆ. ಇನ್ನೊಂದು ತೆಗೆದರೂ ಅಷ್ಟೆ. ಹೀಗೆ ತೆಗೆಯುತ್ತಲೇ ಹೋದರೆ ಯಾವ ಕಾಳಿನ ಹೊತ್ತಿಗೆ ಅದು ರಾಶಿಯಾಗಿ ಉಳಿಯುವುದಿಲ್ಲ? ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ ಯುಬ್ಯುಲಿಡೀಸನ ಹೆಸರಿಗೆ ಸೇರಿರುವ ಈ ಒಗಟನ್ನು ಎಂ.ಎ. ತರಗತಿಯಲ್ಲಿ ಕೇಳಿದಾಗ ನಾವೆಲ್ಲ ನಕ್ಕಿದ್ದೆವು. ಎರಡು ವರ್ಷಗಳ ಹಿಂದೆ ಅದೇ ಒಗಟು ಒಂದು ರಕ್ತಪರೀಕ್ಷೆಯ ವರದಿಯಾಗಿ ನನ್ನ ಕೈಗೆ ಬಂತು. ಟಿಎಸ್‌ಎಚ್ 5.6. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 0.4ರಿಂದ 4.5. ಕೆಳಗಿನ ಸಾಲಿನಲ್ಲಿ ಫ್ರೀ ಟಿ4: ಮಿತಿಯ ಒಳಗೆ.

ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ನಿಧಾನವಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಹೆಚ್ಚು ಒತ್ತಾಯಿಸುತ್ತದೆ. ಆ ಒತ್ತಾಯದ ಅಳತೆಯೇ ಟಿಎಸ್‌ಎಚ್. ಒತ್ತಾಯ ಹೆಚ್ಚಾಗಿದೆ, ಆದರೆ ಕೆಲಸ ಇನ್ನೂ ನಿಂತಿಲ್ಲ ಎನ್ನುವ ಸ್ಥಿತಿಗೆ ‘ಸಬ್‌ಕ್ಲಿನಿಕಲ್’ ಎಂದು ಹೆಸರು. ಸುಸ್ತು, ಚಳಿ, ಕೂದಲು ಉದುರುವುದು, ಓದಿದ್ದು ತಲೆಯಲ್ಲಿ ನಿಲ್ಲದಿರುವುದು ಥೈರಾಯ್ಡ್ ಕೊರತೆಯ ಲಕ್ಷಣಗಳು. ಅವುಗಳಲ್ಲಿ ಅರ್ಧ ಪಿಎಚ್‌ಡಿಯ ನಾಲ್ಕನೇ ವರ್ಷದ ಲಕ್ಷಣಗಳೂ ಹೌದು.

ವೈದ್ಯರು ವರದಿ ನೋಡಿ ಎರಡು ಪ್ರಶ್ನೆ ಕೇಳಿದರು. “ಥೀಸಿಸ್ ಟೆನ್ಷನ್ನಾ?” ಆಮೇಲೆ, “ಮದುವೆ ಆಗಿದೆಯಾ?” ಇಲ್ಲ ಎಂದೆ. “ಹಾಗಾದ್ರೆ ಏನೂ ಇಲ್ಲ ಬಿಡಿ” ಎಂದರು.

ಎರಡನೇ ಪ್ರಶ್ನೆಗೆ ವೈದ್ಯಕೀಯ ಕಾರಣವಿದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಆದ್ದರಿಂದ ಗರ್ಭಿಣಿಯಾಗಬೇಕೆಂದಿರುವವರ ವಿಷಯದಲ್ಲಿ ವೈದ್ಯರು ಬೇಗ ಔಷಧಿ ಆರಂಭಿಸುತ್ತಾರೆ. ಇದು ಸರಿಯೇ. ನನ್ನನ್ನು ಕಾಡಿದ್ದು ‘ಹಾಗಾದ್ರೆ’ ಎಂಬ ಪದ. ಬಾರದ ಮಗುವಿನ ಲೆಕ್ಕದಲ್ಲಿ 5.6 ಒಂದು ಸಂಗತಿ. ಬೆಳಿಗ್ಗೆ ಎದ್ದು ಗ್ರಂಥಾಲಯದ ಮೆಟ್ಟಿಲು ಹತ್ತಲಾಗದ ನನ್ನ ಲೆಕ್ಕದಲ್ಲಿ ಅದು ಏನೂ ಅಲ್ಲ. ಯಾರದೋ ಬಗೆಗಿನ ಪೂರ್ವಗ್ರಹದಿಂದ ಅವರ ಮಾತಿಗೆ ಸಲ್ಲಬೇಕಾದ ನಂಬಿಕೆಯನ್ನು ಕಡಿಮೆ ಮಾಡುವುದೂ ಒಂದು ಅನ್ಯಾಯ ಎಂದು ತತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ವಾದಿಸುತ್ತಾರೆ. ಸುಸ್ತು ಎಂದು ಹೇಳುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಗೆರೆಯನ್ನು ಬೈದು ಪ್ರಯೋಜನವಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯದೆ ವೈದ್ಯಕೀಯ ನಡೆಯುವುದಿಲ್ಲ. ಆದರೆ ಆ ಗೆರೆ ಹೇಗೆ ಹುಟ್ಟಿತು ಎಂಬುದು ತಿಳಿದಿರಬೇಕು. ಆರೋಗ್ಯವಂತರೆಂದು ಪರಿಗಣಿಸಿದ ಜನರ ರಕ್ತ ಪರೀಕ್ಷಿಸಿ, ನಡುವಿನ ಶೇಕಡಾ 95 ಮಂದಿಯ ಅಳತೆಯನ್ನು ಸಾಮಾನ್ಯವಾಗಿ ‘ಮಿತಿ’ ಎನ್ನುತ್ತಾರೆ. ಅಂದರೆ ಆ ಆರೋಗ್ಯವಂತರಲ್ಲೇ ನೂರಕ್ಕೆ ಐವರು ಹೊರಗೆ ಬೀಳುತ್ತಾರೆ. ಟಿಎಸ್‌ಎಚ್ ದಿನದಲ್ಲೇ ಏರಿಳಿಯುತ್ತದೆ. ರಾತ್ರಿ ಹೆಚ್ಚು, ಮಧ್ಯಾಹ್ನ ಕಡಿಮೆ. ಡೆನ್ಮಾರ್ಕಿನಲ್ಲಿ 16 ಮಂದಿ ಆರೋಗ್ಯವಂತ ಗಂಡಸರ ರಕ್ತವನ್ನು ವರ್ಷವಿಡೀ ಪ್ರತಿ ತಿಂಗಳು ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬನ ಏರಿಳಿತದ ಹರವು ಇಡೀ ಗುಂಪಿನ ಹರವಿನ ಸುಮಾರು ಅರ್ಧದಷ್ಟಿತ್ತು. ಹಾಗಾಗಿ ಒಬ್ಬ ಮನುಷ್ಯ ಗುಂಪಿನ ಮಿತಿಯೊಳಗಿದ್ದೂ ತನ್ನ ಮಿತಿಯಿಂದ ಹೊರಗಿರಬಹುದು. ಸಹಜ ಎನ್ನುವುದು ಸರಾಸರಿಯ ಇನ್ನೊಂದು ಹೆಸರಲ್ಲ, ಅದನ್ನು ಆಯಾ ಜೀವಿಯ ಬದುಕಿನಲ್ಲೇ ಹುಡುಕಬೇಕು ಎಂದು ಫ್ರಾನ್ಸಿನ ಜಾರ್ಜ್ ಕಾಂಗಿಲೆಮ್ 1943ರ ತನ್ನ ವೈದ್ಯಕೀಯ ಪ್ರಬಂಧದಲ್ಲಿ ವಾದಿಸಿದ್ದು ಇದಕ್ಕೆ ಹತ್ತಿರದ ಮಾತು.

ಇಷ್ಟು ಓದಿದ ಮೇಲೆ ‘ಹಾಗಾದರೆ ಸುಸ್ತಾದವರಿಗೆಲ್ಲ ಮಾತ್ರೆ ಕೊಡಲಿ’ ಎನ್ನುವ ಆಸೆ ನನಗೂ ಬಂದಿತ್ತು. ಆದರೆ ಪುರಾವೆ ಆ ಆಸೆಯ ಪರವಾಗಿಲ್ಲ. 65 ದಾಟಿದ 737 ಮಂದಿ ಸಬ್‌ಕ್ಲಿನಿಕಲ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಲೆವೊಥೈರಾಕ್ಸಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ವರ್ಷದ ಕೊನೆಗೆ ಎರಡೂ ಗುಂಪಿನವರ ಸುಸ್ತು ಹೆಚ್ಚುಕಡಿಮೆ ಒಂದೇ. 2019ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಮಿತಿಯೊಂದು ಈ ಸ್ಥಿತಿಯ ಬಹುತೇಕ ವಯಸ್ಕರಿಗೆ ಹಾರ್ಮೋನು ಬೇಡ ಎಂದೇ ಸಲಹೆ ನೀಡಿತು. ಗರ್ಭ ಧರಿಸಬೇಕೆಂದಿರುವವರಿಗೆ, ಟಿಎಸ್‌ಎಚ್ 20 ದಾಟಿದವರಿಗೆ ಇದು ಅನ್ವಯಿಸದು. ತೀವ್ರ ಲಕ್ಷಣಗಳಿರುವವರಿಗೆ, 30ರೊಳಗಿನ ಕಿರಿಯರಿಗೆ ಅನ್ವಯಿಸದಿರಬಹುದು ಎಂದೂ ಸೇರಿಸಿತು. ಆ ‘ಇರಬಹುದು’ ಎಂಬಲ್ಲಿಯೇ ನನ್ನಂಥವರು ನಿಂತಿದ್ದೇವೆ.

ಇಲ್ಲಿ ಮಾತ್ರೆಯ ಪ್ರಶ್ನೆಯಿಂದ ಬೇರೆಯಾದ ಒಂದು ನೈತಿಕ ಪ್ರಶ್ನೆ ಇದೆ. ಗೊತ್ತಿಲ್ಲದಿರುವಾಗ ಎದುರಿಗಿರುವವರಿಗೆ ಏನು ಹೇಳಬೇಕು?

ನಾನು ಕಂಡ ಎರಡನೇ ವೈದ್ಯೆಯೂ ಅಂದು ಔಷಧಿ ಬರೆಯಲಿಲ್ಲ. ಅವರು ಹೇಳಿದ್ದು ಇಷ್ಟು: “ನಿಮ್ಮ ಸುಸ್ತು ನಿಜ. ಅದು ಥೈರಾಯ್ಡ್‌ನಿಂದಲೇ ಅಂತ ಈ ನಂಬರ್ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ. ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ, ಬೆಳಿಗ್ಗೆ ಅದೇ ಹೊತ್ತಿಗೆ ಮತ್ತೆ ಮಾಡಿಸಿ. ಜೊತೆಗೆ ಆಂಟಿಬಾಡಿ, ಹಿಮೋಗ್ಲೋಬಿನ್, ಫೆರಿಟಿನ್ ನೋಡೋಣ.” ಇಂಗ್ಲೆಂಡಿನ ವಿಕಮ್‌ನಲ್ಲಿ 20 ವರ್ಷ ನಡೆದ ಅಧ್ಯಯನದ ಪ್ರಕಾರ ಟಿಎಸ್‌ಎಚ್ ಏರಿಕೆ, ಆಂಟಿಬಾಡಿ ಎರಡೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ವರಿಗೆ ಪೂರ್ಣ ಪ್ರಮಾಣದ ಕೊರತೆ ಬಂದಿತ್ತು. ಹೀಗಾಗಿ ಆ ಒಂದು ಪರೀಕ್ಷೆ ಕಾಯುವಿಕೆಗೆ ಅರ್ಥ ಕೊಡುತ್ತದೆ.

ಇಬ್ಬರ ಚೀಟಿಯೂ ಖಾಲಿ. ಆದರೂ ಇಬ್ಬರೂ ಮಾಡಿದ್ದು ಒಂದೇ ಕೆಲಸವಲ್ಲ. ‘ಏನೂ ಇಲ್ಲ’ ಎಂದಾಗ ಅನುಮಾನದ ಭಾರವೆಲ್ಲ ರೋಗಿಯ ತಲೆಗೆ ಬೀಳುತ್ತದೆ: ದೇಹ ಸರಿಯಿದ್ದರೆ ಸೋಮಾರಿತನ ನಿನ್ನದೇ. ‘ಇನ್ನೂ ಗೊತ್ತಿಲ್ಲ’ ಎಂದಾಗ ಆ ಭಾರವನ್ನು ಇಬ್ಬರೂ ಹೊರುತ್ತಾರೆ. ಕಾಯಿಸುವುದು ತಪ್ಪಲ್ಲ, ಕಾರಣ ಹೇಳದೆ, ದಿನ ಗೊತ್ತುಮಾಡದೆ ಕಾಯಿಸುವುದು ಕೈಬಿಟ್ಟಂತೆಯೇ.

ರೋಗದ ಹೆಸರು ಬರಿಯ ವರವೂ ಅಲ್ಲ. ಮಾರ್ಗದರ್ಶಕರ ಮುಂದೆ ಹೆಸರೊಂದಿದ್ದರೆ ಆರು ತಿಂಗಳ ಅವಧಿ ಕೇಳಬಹುದು. ಮನೆಯಲ್ಲಿ ಅಮ್ಮ ಹೇಳುವುದೇ ಬೇರೆ: “ಯಾರ ಹತ್ರನೂ ಹೇಳ್ಬೇಡ ಕಣೇ. ಮಾತ್ರೆ ತಗೋತಾಳೆ ಅಂದ್ರೆ ನೋಡೋಕೆ ಬರೋರು ನೂರು ಮಾತಾಡ್ತಾರೆ.” ವೈದ್ಯರಿಗೆ ಏನೂ ಅಲ್ಲದ ಸಂಖ್ಯೆ ಮದುವೆ ಮಾತುಕತೆಯಲ್ಲಿ ದೊಡ್ಡ ಸಂಗತಿ! ಗಡಿಯಲ್ಲಿರುವವರಿಗೆ ಅವಸರದಲ್ಲಿ ಹಣೆಪಟ್ಟಿ ಅಂಟಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೂರು ತಿಂಗಳ ನಂತರ ನನ್ನ ಟಿಎಸ್‌ಎಚ್ 7 ದಾಟಿತ್ತು. ಆಂಟಿಬಾಡಿಯೂ ಇತ್ತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ. ಸುಸ್ತು ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇದನ್ನು ಗೆಲುವೆಂದು ಹೇಳುತ್ತಿಲ್ಲ. ವರದಿ ತಿಳಿಯಾಗಿ ಬಂದಿದ್ದರೂ ನನ್ನ ಸುಸ್ತು ಅಷ್ಟೇ ನಿಜವಾಗಿರುತ್ತಿತ್ತು, ಆ ಮೊದಲ ಮಾತು ಅಷ್ಟೇ ತಪ್ಪಾಗಿರುತ್ತಿತ್ತು. ನೋವು ಹೇಳಿಕೊಂಡವರನ್ನು ನಂಬಲು ಸಂಖ್ಯೆ ಗೆರೆ ದಾಟುವವರೆಗೆ ಕಾಯಬೇಕಿಲ್ಲ. ಔಷಧಿಗೆ ಪುರಾವೆ ಬೇಕು, ನಿಜ. ಕಿವಿಗೊಡಲು ಯಾವ ಪುರಾವೆ ಬೇಕು?