ಹೆತ್ತವರ ವಯಸ್ಸು, ಆಟಿಸಂ ಮತ್ತು ಕರ್ಮದ ಲೆಕ್ಕ

ಹೆತ್ತವರ ವಯಸ್ಸು ಏರಿದಂತೆ ಮಗುವಿಗೆ ಆಟಿಸಂ ಇರುವ ಸಂಭವ ತುಸು ಹೆಚ್ಚುತ್ತದೆ. ಇದಕ್ಕೆ ಒಂದು ಸಂಭಾವ್ಯ ಕಾರಣ ತಂದೆಯ ಕಡೆಯದು: ವೀರ್ಯಾಣುಗಳ ಮೂಲಕೋಶಗಳು ಜೀವನವಿಡೀ ವಿಭಜನೆಯಾಗುತ್ತಲೇ ಇರುತ್ತವೆ, ಹಾಗಾಗಿ ನಕಲಿನ ತಪ್ಪುಗಳು ಕೂಡುತ್ತ ಹೋಗುತ್ತವೆ. ತಂದೆಯ ವಯಸ್ಸಿನ ಪ್ರತಿ ವರ್ಷಕ್ಕೆ ಮಗುವಿನಲ್ಲಿ ಸುಮಾರು 2 ಹೊಸ ಡಿಎನ್‌ಎ ಬದಲಾವಣೆಗಳು ಸೇರುತ್ತವೆಂದು 2012ರ ಐಸ್‌ಲ್ಯಾಂಡ್ ಅಧ್ಯಯನ ತೋರಿಸಿತು. ಅವುಗಳಲ್ಲಿ ಬಹುಪಾಲು ನಿರುಪದ್ರವಿ. ತಡವಾಗಿ ತಂದೆಯಾದವರ ಹೆಚ್ಚಿನ ಮಕ್ಕಳಿಗೆ ಆಟಿಸಂ ಇರುವುದೂ ಇಲ್ಲ.

ಓದು, ಕೆಲಸ, ಮನೆಸಾಲ ಎಂದು ಮದುವೆ ಮುಂದೆ ಹೋಗುವ ಬೆಂಗಳೂರಿನ ಬಾಗಲೂರು, ಯಲಹಂಕದಂಥ ಕಡೆ ಈ ಸಂಭವವೇ ದೂಷಣೆಯಾಗಬಲ್ಲದು. ಅದೂ, ವಿಚಿತ್ರವೆಂದರೆ, ತಾಯಿಯ ಮೇಲೆ. ‘ಪೂರ್ವಜನ್ಮದ ಕರ್ಮ’ ಎಂಬ ಹಳೆಯ ಮಾತಿನ ಜಾಗಕ್ಕೆ ‘ತಡವಾಗಿ ಹೆತ್ತ ಫಲ’ ಬರುತ್ತದೆ. ಆದರೆ ಕರ್ಮಸಿದ್ಧಾಂತದ ಮುಖ್ಯ ನಿಲುವಿನಂತೆ ಫಲ ಮಾಡಿದವರದೇ. ಮಗುವಿನ ಸ್ಥಿತಿಯನ್ನು ಹೆತ್ತವರಿಗೆ ಬಿದ್ದ ದಂಡವೆನ್ನುವುದು ಆ ತರ್ಕಕ್ಕೇ ಹೊಂದದು. ಸಂಭವವಾದರೋ ಸಾವಿರಾರು ಜನರ ಸರಾಸರಿ. ಒಂದು ಮಗುವಿಗೆ ಆಟಿಸಂ ಏಕೆ ಬಂತೆಂಬುದನ್ನು ಅದು ಹೇಳಲಾರದು.