ಜಾಗ ಇದೆ ಎಂದು ಎಲ್ಲವನ್ನೂ ಇಟ್ಟುಕೊಳ್ಳಬೇಕೇ?

*ಇಂದಿನ ಧಮ್ಮ ಚಿಂತನೆ*



ಇಂದು ಬರೆಯುವ ಪಾಳಿ ನನ್ನದು. ವಿಷಯ ಸಣ್ಣದು. ಬೆಳಗಾವಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಜಾಗ ಮುಗಿದಿತ್ತು. ಅದರಲ್ಲಿದ್ದದ್ದು 500 ಜಿಬಿ ಡಿಸ್ಕ್. ಕಂಪ್ಯೂಟರ್ ತೋರಿಸುವುದು ಮಾತ್ರ 465. ಮಾರುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ, ಅದಕ್ಕೇ ಈ ವ್ಯತ್ಯಾಸ ಎಂದು ಮಗಳು ತಿಳಿಸಿದಳು. ಅಷ್ಟೂ ತುಂಬಿ ಕೆಂಪು ಗೆರೆ ಬಂದಿತ್ತು.

2 ಟಿಬಿಯ ಹೊಸ ಹಾರ್ಡ್ ಡಿಸ್ಕ್ ತಂದೆವು. ಕರೆಂಟ್ ತೆಗೆದು, ಡಬ್ಬಿಯ ಬದಿಯ ತಗಡು ಬಿಚ್ಚಿ, ಡಿಸ್ಕನ್ನು ಅದರ ಜಾಗದಲ್ಲಿ ಕೂರಿಸಿ ನಾಲ್ಕು ಸ್ಕ್ರೂ ಹಾಕಿದೆವು. ಒಂದು ವೈರ್ ಕರೆಂಟಿಗೆ, ಇನ್ನೊಂದು ಮದರ್‌ಬೋರ್ಡಿಗೆ. ಫಾರ್ಮ್ಯಾಟ್ ಮಾಡಿದ ಮೇಲೆ ಖಾಲಿ ಡಿಸ್ಕ್ ಕಾಣಿಸಿತು. ಅರ್ಧ ತಾಸಿನ ಕೆಲಸ. ಮಗಳು ಕೈ ಒರೆಸಿಕೊಳ್ಳುತ್ತ, “ಇನ್ನ ಹತ್ತ ವರ್ಷ ಚಿಂತಿ ಇಲ್ಲಪ್ಪಾ. ಏನೂ ಡಿಲೀಟ್ ಮಾಡೂದ ಬ್ಯಾಡ” ಅಂದಳು.

ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಏನನ್ನೂ ಬಿಡಬೇಕಾಗಿಲ್ಲ ಎಂಬುದು ಒಳ್ಳೆಯ ಸುದ್ದಿಯೇ?

ಭಾನುವಾರದ ಅಧ್ಯಯನದಲ್ಲಿ ಇದನ್ನು ಕೇಳಿದೆ. ಹಿರಿಯ ಉಪಾಸಕರೊಬ್ಬರು, “ಎಲ್ಲಾ ಅನಿತ್ಯ ಐತ್ರಿ. ಅಳಿಸಿ ಹಗುರಾಗ್ರಿ” ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೂ ಮಾತು ಒಪ್ಪಿಗೆಯಾಗಲಿಲ್ಲ.

ಯಾಕೆಂದರೆ ಅಳಿಸುವ ಮಾತು ಎಲ್ಲರಿಗೂ ಒಂದೇ ತೂಕದ್ದಲ್ಲ. ಯಾರ ಮನೆಯಲ್ಲಿ ವಂಶಾವಳಿ, ತಾಮ್ರಪಟ, ತಾಳೆಗರಿ ಇವೆಯೋ ಅವರು ಹಗುರಾಗಬಹುದು. ನಮ್ಮ ಅಜ್ಜ ಹುಟ್ಟಿದ ದಿನ ಯಾವ ಕಾಗದದಲ್ಲೂ ಇಲ್ಲ. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದರು. ಬರೆದಿಟ್ಟವರು ಇದ್ದರು, ಅದಕ್ಕೇ ಇವತ್ತು ಆ ವಿಷಯ ನಮಗೆ ಗೊತ್ತು. ಅಜ್ಜ ಆ ಸಭೆಗೆ ನಡೆದೇ ಹೋಗಿದ್ದ ಎಂದು ಅವ್ವ ಹೇಳುತ್ತಿದ್ದಳು. ಅದಕ್ಕೆ ಒಂದು ಚೀಟಿಯೂ ನಮ್ಮಲ್ಲಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಗಲ್ಲಿಗೆ ನೀರು ನುಗ್ಗಿ, ಟ್ರಂಕಿನಲ್ಲಿದ್ದ ಅಪ್ಪನ ಒಂದೇ ಒಂದು ಫೋಟೋ ಅಂಟಿಕೊಂಡು ಹಾಳಾಯಿತು. ಕಳೆದುಕೊಂಡೇ ಬಂದವರಿಗೆ ಅನಿತ್ಯವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಬಾಬಾಸಾಹೇಬರಿಗೂ ಈ ನೋವು ಗೊತ್ತಿತ್ತು. 1917ರಲ್ಲಿ ಲಂಡನ್‌ನಿಂದ ಮರಳುವಾಗ ಅವರ ಪುಸ್ತಕಗಳಿದ್ದ ಸಾಮಾನು ಬೇರೆ ಹಡಗಿನಲ್ಲಿ ಬರುತ್ತಿತ್ತು. ಮಹಾಯುದ್ಧದ ಕಾಲ. ಟಾರ್ಪೆಡೊ ಬಡಿದು ಆ ಹಡಗು ಮುಳುಗಿತು. ಅವರು ಅನಿತ್ಯ ಎಂದು ಕೈಚೆಲ್ಲಿ ಕೂಡಲಿಲ್ಲ. 1920ರಲ್ಲಿ ಮತ್ತೆ ಲಂಡನ್‌ಗೆ ಹೋಗಿ ಓದು ಮುಗಿಸಿದರು. ಮುಂದೆ ಮುಂಬೈಯ ದಾದರದಲ್ಲಿ ರಾಜಗೃಹ ಕಟ್ಟುವಾಗ ಪುಸ್ತಕಗಳಿಗೆಂದೇ ಜಾಗ ಮಾಡಿದರು. ಅವರ ಪರಿನಿಬ್ಬಾಣದ ನಂತರ ಎಷ್ಟೋ ಹಸ್ತಪ್ರತಿಗಳು ಪೆಟ್ಟಿಗೆಗಳಲ್ಲೇ ಉಳಿದವು. ವಸಂತ ಮೂನ್ ಅವರಂಥವರು ಒಂದೊಂದೇ ಹಾಳೆ ಕಾಯ್ದು, ಹೊಂದಿಸಿ, 1979ರಿಂದ ಮಹಾರಾಷ್ಟ್ರ ಸರ್ಕಾರದ ಸಂಪುಟಗಳಾಗಿ ಹೊರತಂದರು. ಆ ಹಾಳೆಗಳನ್ನು ಯಾರಾದರೂ ಹಗುರಾಗಲೆಂದು ಬಿಸಾಡಿದ್ದರೆ ನಾವು ಇಂದು ಏನು ಓದುತ್ತಿದ್ದೆವು?

ಆದ್ದರಿಂದ ಇಟ್ಟುಕೊಳ್ಳುವುದೇ ತೃಷ್ಣೆ ಎನ್ನಲಾರೆ. ಆದರೆ ಮಗಳ ಮಾತಿನಂತೆ ಎಲ್ಲವನ್ನೂ ಇಡುವುದೂ ಸರಿಯಲ್ಲ. ಇದು ನನಗೆ ಗೊತ್ತಾಗಿದ್ದು ಹಳೆಯ ಡಿಸ್ಕ್ ಬಿಚ್ಚಿ ನೋಡಿದಾಗ. ಸಾವಿರಾರು ಗುಡ್ ಮಾರ್ನಿಂಗ್ ಚಿತ್ರ. ಏಪ್ರಿಲ್ 14ರ ಮೆರವಣಿಗೆಯ ಒಂದೇ ವಿಡಿಯೋ ಏಳು ಸಲ, ಏಳು ಗ್ರೂಪುಗಳಿಂದ. ಇವನ್ನು ತೆಗೆಯುವುದು ಸುಲಭ. ಕೊನೆಗೆ ‘ಪುರಾವೆ’ ಎಂಬ ಒಂದು ಫೋಲ್ಡರ್ ಸಿಕ್ಕಿತು. ಹೆಸರಿಟ್ಟವನು ನಾನೇ.

ಒಳಗೆ 43 ಫೋನ್ ರೆಕಾರ್ಡಿಂಗ್. ಎಲ್ಲವೂ ಖಾನಾಪುರದಲ್ಲಿರುವ ನನ್ನ ತಮ್ಮನೊಡನೆ ಆಡಿದ ಜಗಳ. ಅಪ್ಪನ ಭತ್ತದ ಗದ್ದೆಯ ಪಾಲಿನ ಮಾತು. ವಾಟ್ನಿ ಆಗಿ, ಉತಾರದಲ್ಲಿ ಇಬ್ಬರ ಹೆಸರೂ ಬಂದು ವರ್ಷಗಳಾಗಿವೆ. ವ್ಯಾಜ್ಯ ಮುಗಿದಿದೆ. ರೆಕಾರ್ಡಿಂಗ್ ಮಾತ್ರ ನನ್ನ ಬಳಿ ಭದ್ರ. ಹಬ್ಬಕ್ಕೆ ಅವನು ಕರೆದಾಗ ನಾನು ಹೋಗುತ್ತಿರಲಿಲ್ಲ. ಮನಸ್ಸು ಸ್ವಲ್ಪ ಮೆತ್ತಗಾದರೆ ಆ ಫೋಲ್ಡರ್ ತೆಗೆದು ಕೇಳುತ್ತಿದ್ದೆ. ಮತ್ತೆ ಗಟ್ಟಿಯಾಗುತ್ತಿತ್ತು.

ಅಂದು ಒಂದನ್ನು ಹಚ್ಚಿದೆ. ಹತ್ತು ಸಲವಾದರೂ ಕೇಳಿದ್ದ ರೆಕಾರ್ಡಿಂಗ್ ಅದು. ತಮ್ಮ ಕೂಗುತ್ತಿದ್ದಾನೆ, ನಾನೂ ಕೂಗುತ್ತಿದ್ದೇನೆ. ಪಕ್ಕದಲ್ಲಿದ್ದ ಮಗಳು ತಟ್ಟನೆ, “ಅಪ್ಪಾ, ಹಿಂದ ಅಜ್ಜಿ ದನಿ!” ಅಂದಳು. ಮತ್ತೆ ಹಚ್ಚಿದೆವು. ತಮ್ಮನ ಮಾತಿನ ನಡುವೆ, ಅಡುಗೆಮನೆಯಿಂದ ಅವ್ವ: “ಅವಂದ ಊಟ ಆತೇನ ಕೇಳೋ ಮೊದಲ.”

ಅವ್ವ ತೀರಿಕೊಂಡು ನಾಲ್ಕು ವರ್ಷ. ಅವಳ ದನಿ ನಮ್ಮಲ್ಲಿ ಬೇರೆಲ್ಲೂ ಇಲ್ಲ. ಅಷ್ಟು ಸಲ ಕೇಳಿದರೂ ಆ ದನಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಕೋಪ ಕಾಯಲೆಂದು ಇಟ್ಟಿದ್ದ ರೆಕಾರ್ಡಿಂಗಿನಲ್ಲಿ ನಾನು ಕೋಪವನ್ನಷ್ಟೇ ಹುಡುಕುತ್ತಿದ್ದೆ.

ಮಗಳು ಆ ಕೆಲವು ಸೆಕೆಂಡುಗಳನ್ನು ಕತ್ತರಿಸಿ ಬೇರೆ ಇಟ್ಟಳು. ವಾಟ್ನಿ ಪತ್ರ, ಉತಾರ ಹಾಗೇ ಇಟ್ಟೆ. ಹಕ್ಕಿನ ಕಾಗದ ಬಿಡು ಎಂದು ಧಮ್ಮ ಹೇಳುವುದಿಲ್ಲ. ಬುದ್ಧರು ಬಡತನವನ್ನು ಪುಣ್ಯವೆಂದು ಹೊಗಳಲಿಲ್ಲ ಎಂದು ಬಾಬಾಸಾಹೇಬರು ಸ್ಪಷ್ಟವಾಗಿ ಬರೆದಿದ್ದಾರೆ. ಇನ್ನೊಂದು ಮಾತು. ದೌರ್ಜನ್ಯ ನಡೆದಿದ್ದರೆ ಅದರ ಪುರಾವೆಯನ್ನು ಯಾರೂ ಅಳಿಸಬಾರದು. ಅದು ನ್ಯಾಯಕ್ಕೆ ಬೇಕು, ಮುಂದಿನವರಿಗೆ ಬೇಕು. ನನ್ನ 43 ರೆಕಾರ್ಡಿಂಗ್ ಯಾರಿಗೆ ಬೇಕಾಗಿದ್ದವು? ನನ್ನ ಸಿಟ್ಟಿಗೆ ಮಾತ್ರ. ಅವನ್ನು ಅಳಿಸಿದೆ.

ಆಗ ಮಗಳು ಹೊಸ ಪ್ರಶ್ನೆ ಎತ್ತಿದಳು. “ಅಜ್ಜಿ ದನಿ ಈ ಒಂದ ಡಿಸ್ಕಿನ್ಯಾಗ ಇದ್ರ ಸಾಲೂದಿಲ್ಲ.” ಹಾರ್ಡ್ ಡಿಸ್ಕಿನ ಒಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಯಾವ ದಿನವಾದರೂ ನಿಲ್ಲಬಹುದು. ಬಲ್ಲವರ ನಿಯಮ ಹೀಗಿದೆ: ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಮನೆಯಲ್ಲಿರಲಿ. ನೀರು ನುಗ್ಗಿದ ಮನೆಯಲ್ಲಿ ಹತ್ತು ಪ್ರತಿ ಇದ್ದರೂ ಎಲ್ಲವೂ ತೊಯ್ಯುತ್ತವೆ.

ಬೇರೆ ಮನೆ ಎಂದರೆ ನಮಗೆ ಯಾವುದು? ಖಾನಾಪುರದಲ್ಲಿ ಏರಿನ ಮೇಲಿರುವ ತಮ್ಮನ ಮನೆ.

ನಮ್ಮ ಹಿರಿಯ ಭಿಕ್ಖುಗಳೂ ಇದೇ ದಾರಿ ಹಿಡಿದಿದ್ದರು. ಬುದ್ಧವಚನ ನೂರಾರು ವರ್ಷ ಬರಹದಲ್ಲಿ ಇರಲಿಲ್ಲ, ಭಾಣಕರ ಬಾಯಲ್ಲಿತ್ತು. ಒಂದು ಗುಂಪಿಗೆ ದೀಘ ನಿಕಾಯ, ಇನ್ನೊಂದಕ್ಕೆ ಮಜ್ಝಿಮ ನಿಕಾಯ. ಸಿಂಹಳದಲ್ಲಿ ಬರಗಾಲ, ಯುದ್ಧ ಬಂದು ಬಾಯಿಪಾಠ ಬಲ್ಲವರು ಸಾಯತೊಡಗಿದರು. ಅದಾದ ಮೇಲೆ ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಅಲುವಿಹಾರದಲ್ಲಿ ತಿಪಿಟಕವನ್ನು ಬರೆದಿಟ್ಟರು. ಆ ಬರಗಾಲದ ಒಂದು ಪ್ರಸಂಗ ವಿನಯದ ಅಟ್ಠಕಥೆಯಲ್ಲಿದೆ. ಮಹಾನಿದ್ದೇಸ ಎಂಬ ಪಾಠ ಒಬ್ಬನೇ ಭಿಕ್ಖುವಿಗೆ ಬರುತ್ತಿತ್ತು. ಅವನ ನಡತೆ ಸರಿಯಿರಲಿಲ್ಲ. ಮಹಾರಕ್ಖಿತ ಥೇರರು ಅವನಿಂದ ಕಲಿಯಲು ಒಪ್ಪಲಿಲ್ಲ. ಆಗ ಹಿರಿಯ ಥೇರರು, ನಾನು ನಿನ್ನ ಹತ್ತಿರ ಕೂತಿರುತ್ತೇನೆ, ಕಲಿ ಎಂದು ಒಪ್ಪಿಸಿದರು. ಹಾಗೆ ಪಾಠ ಉಳಿಯಿತು. ತಮ್ಮ ಬೇಸರಕ್ಕಿಂತ ಧಮ್ಮ ದೊಡ್ಡದು ಎಂದು ಅವರು ತಿಳಿದರು.

ನನ್ನ ತಮ್ಮ ಕೆಟ್ಟವನಲ್ಲ. ಜಗಳದಲ್ಲಿ ನನ್ನ ಪಾಲೂ ಅಷ್ಟೇ ಇತ್ತು. ಆದರೂ ಫೋನ್ ಹಚ್ಚಲು ಕೈ ಬರಲಿಲ್ಲ. ಹೆಂಡತಿ, “ಹಚ್ಚರಿ, ನಾ ಬಾಜೂಕ ಕುಂದರ್ತೀನಿ” ಅಂದಳು.

ಆ ಭಾನುವಾರವೇ ಮೂವರೂ ಖಾನಾಪುರದ ಬಸ್ ಹತ್ತಿದೆವು. ಪೆನ್‌ಡ್ರೈವ್ ಜೇಬಿನಲ್ಲಿತ್ತು. ಅವನ ಮೊಬೈಲಿಗೆ ಹಾಕಿ ಕೇಳಿಸಿದೆವು. ತಮ್ಮ ಎರಡು ಸಲ ಕೇಳಿದ. ಎದ್ದು ಹೊರಗೆ ಹೋಗಿ ಬಂದ. ಆಮೇಲೆ, “ಅಣ್ಣಾ, ಊಟ ಆತೇನು?” ಅಂದ.

ಬಂಧುಗಳೇ, ಹೊಸ ಡಿಸ್ಕ್ ಹಾಕುವುದು ತಪ್ಪಲ್ಲ. ಅದಕ್ಕೆ ತುಂಬುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ಯಾರಿಗೆ ಉಪಯೋಗ? ಮಕ್ಕಳಿಗೆ, ಸಮಾಜಕ್ಕೆ, ನ್ಯಾಯಕ್ಕೆ ಬೇಕಾದದ್ದನ್ನು ಇಡೋಣ, ಒಂದೇ ಪೆಟ್ಟಿಗೆಯಲ್ಲಿಡದೆ ನಾಲ್ಕು ಮನೆಗೆ ಹಂಚೋಣ. ವೈರ ಕಾಯುವುದಕ್ಕಾಗಿ ಇಟ್ಟದ್ದನ್ನು ಬಿಡೋಣ.

ಇಂದಿನ ಅಭ್ಯಾಸ: ಮನೆಯ ಹಿರಿಯರ ಹತ್ತಿರ ಕುಳಿತು ಹತ್ತು ನಿಮಿಷ ಅವರ ಮಾತು ರೆಕಾರ್ಡ್ ಮಾಡಿರಿ. ಊರು, ಹೆಸರು, ಕಂಡ ಕಷ್ಟ ಎಲ್ಲ ಹೇಳಲಿ. ಅದನ್ನು ಇನ್ನೊಂದು ಮನೆಗೆ ಕಳಿಸಿರಿ. ಜಾಗ ಸಾಲದಿದ್ದರೆ ಮೊದಲು ನನ್ನ ಈ ಬರಹವನ್ನೇ ಡಿಲೀಟ್ ಮಾಡಿರಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.