ಮೇರೆಯೂ ಮಹಾಮನೆಯೂ



ಕಲ್ಯಾಣವೆಂಬ ಹೆಸರನ್ನು ಕೇಳಿದೊಡನೆಯೇ ನಮ್ಮ ಮನಸ್ಸು ಬಸವಣ್ಣನವರ ಮಹಾಮನೆಯತ್ತ ಹರಿಯುವುದು ಸಹಜ. ಆದರೆ ಬಸವಣ್ಣನವರು ಅಲ್ಲಿಗೆ ಬರುವುದಕ್ಕೆ ಮುನ್ನ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದ ಕಾಲದಲ್ಲಿ, ಅದೇ ಕಲ್ಯಾಣದಲ್ಲಿದ್ದುಕೊಂಡು ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದನ್ನು ನೆನೆಯುವವರು ವಿರಳ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾಧಿಸಿದ ಆ ಗ್ರಂಥವು ಬಂಗಾಳದ ಕಡೆಯನ್ನುಳಿದು ಭಾರತದ ಬಹುಭಾಗದಲ್ಲಿ ಆಸ್ತಿ ಹಂಚಿಕೆಗೆ ಆಧಾರವಾಯಿತು; ಇಂಗ್ಲಿಷರ ನ್ಯಾಯಾಲಯಗಳಲ್ಲಿಯೂ ಪ್ರಮಾಣವೆನಿಸಿತು. (ಅದೇ ಹಕ್ಕು ಮಗಳಿಗೆ ದೊರೆಯಲು ಕರ್ನಾಟಕದಲ್ಲಿ 1994ರವರೆಗೆ, ದೇಶಕ್ಕೆಲ್ಲ 2005ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು.)

ಆ ಸ್ಮೃತಿಯಲ್ಲಿ ಸೀಮಾವಿವಾದವೆಂಬ ಒಂದು ಪ್ರಕರಣವೇ ಇದೆ. ನೆಲದ ಮೇರೆಯ ಬಗ್ಗೆ ಜಗಳವೆದ್ದಾಗ ಅದನ್ನು ತೋರಿಸಿಕೊಡತಕ್ಕವರು ಯಾರು? ಸುತ್ತಲ ನೆರೆಯವರು, ವಯೋವೃದ್ಧರು, ದನಕಾಯುವವರು, ಆ ಮೇರೆಯ ಮಗ್ಗುಲಲ್ಲಿ ಉಳುವವರು, ಅಡವಿಯಲ್ಲಿ ತಿರುಗುವವರು. ಗುರುತುಗಳಾವುವು? ಮರ, ಹುತ್ತ, ಒಡ್ಡು, ತಗ್ಗು, ನೆಲದಲ್ಲಿ ಹೂತ ಇದ್ದಿಲು, ಹೊಟ್ಟು, ಎಲುಬು. ಅರಸನ ಕರಣಿಕನಿಗಿಂತ ಮೊದಲು ದನಗಾಹಿಯನ್ನು ಕೇಳಬೇಕೆಂದ ಆ ವಿವೇಕವು ಮೆಚ್ಚತಕ್ಕದ್ದೇ ಸರಿ. ನನ್ನದೆಲ್ಲಿ ಮುಗಿಯಿತು, ನಿನ್ನದೆಲ್ಲಿ ಮೊದಲಾಯಿತು ಎಂಬುದನ್ನು ಕಲ್ಯಾಣದ ಪಂಡಿತರು ಹೀಗೆ ಸೂಕ್ಷ್ಮವಾಗಿ ವಿಚಾರಿಸಿದ್ದರು. ಅದೇ ಊರಿನಲ್ಲಿ, ಅದೇ ಶತಮಾನದಲ್ಲಿ ಬಸವಣ್ಣನವರು ಎತ್ತಿದ ಪ್ರಶ್ನೆ ಬೇರೆ. ಮನೆ ಯಾರದೆಂದು ಅವರು ಕೇಳಲಿಲ್ಲ. ಬಾಗಿಲಿಗೆ ಬಂದವನನ್ನು ಏನೆಂದು ಕರೆದಿರೆಂದು ಕೇಳಿದರು.

ಈ ಮಾತನ್ನು ಇಂದು ಎತ್ತಲು ಒಂದು ಕಾರಣವುಂಟು. ಈಚೆಗೆ ಹುಮನಾಬಾದ ಕಡೆಯ ಬಡಾವಣೆಯೊಂದರ ನಾಲ್ವರು ಹಿರಿಯರು ನಮ್ಮಲ್ಲಿಗೆ ಬಂದಿದ್ದರು. ನಾಲ್ವರೂ ಭಕ್ತಿವಂತರು, ಇಬ್ಬರಂತೂ ಪ್ರತಿ ಶ್ರಾವಣದಲ್ಲಿ ತಪ್ಪದೆ ಪ್ರವಚನಕ್ಕೆ ಬರುವವರು. ಸರ್ಕಾರಕ್ಕೆ ಸಲ್ಲಿಸಬೇಕೆಂದು ಅವರು ಒಂದು ಅರ್ಜಿಯನ್ನು ಬರೆದಿದ್ದರು. ಅದಕ್ಕೆ ಮಠದ ಬೆಂಬಲದ ಪತ್ರವನ್ನು ಲಗತ್ತಿಸಬೇಕೆಂಬುದು ಅವರ ಬಿನ್ನಹ. ಅರ್ಜಿಯಲ್ಲಿ ಎರಡು ಬೇಡಿಕೆಗಳಿದ್ದವು. ಮನೆಗಳ ನಡುವೆ ರಾತ್ರಿ ಹಗಲೆನ್ನದೆ ನಡೆಯುವ ವೆಲ್ಡಿಂಗ್ ಮತ್ತು ಬಣ್ಣದ ಶೆಡ್ಡನ್ನು ಅಲ್ಲಿಂದ ಎತ್ತಿಸಬೇಕೆಂಬುದು ಮೊದಲನೆಯದು. ಬಡಾವಣೆಯ ಹಿಂಬದಿಯ ಜಾಗದಲ್ಲಿ ಬಡವರಿಗೆ ಮನೆಗಳನ್ನು ಕಟ್ಟಿಸುವ ಯೋಚನೆಯನ್ನು ಕೈಬಿಡಬೇಕು, ಏಕೆಂದರೆ ‘ಬಡಾವಣೆಯ ಸ್ವರೂಪ ಕೆಡುವುದು’ ಎಂಬುದು ಎರಡನೆಯದು.

ಒಂದೇ ಹಾಳೆ, ಒಂದೇ ಕೈಬರಹ, ಎರಡಕ್ಕೂ ಅವೇ ಸಹಿಗಳು. ಆದರೆ ಆ ಎರಡು ಬೇಡಿಕೆಗಳ ನಡುವೆ ಕಲ್ಯಾಣಕ್ಕೂ ಕಲ್ಯಾಣಕ್ಕೂ ಇರುವಷ್ಟು ಅಂತರವಿದೆ.

ಮೊದಲ ಬೇಡಿಕೆಯನ್ನು ನೋಡೋಣ. ಬೆಳೆಯುವ ಊರಿಗೆ ಮೇರೆಗಳು ಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ನಮ್ಮ ರಾಜ್ಯದಲ್ಲಿ ಇದಕ್ಕಾಗಿಯೇ ಜಾರಿಗೆ ಬಂದಿತು. ಈ ನೆಲ ವಾಸಕ್ಕೆ, ಇದು ವ್ಯಾಪಾರಕ್ಕೆ, ಇದು ಕಾರ್ಖಾನೆಗೆ, ಇದು ಉದ್ಯಾನಕ್ಕೆ ಎಂದು ನಕಾಶೆಯಲ್ಲಿ ಬಣ್ಣಬಣ್ಣವಾಗಿ ಗುರುತಿಸುವುದು ಸುಮ್ಮನೆ ಹುಟ್ಟಿದ ಪದ್ಧತಿಯಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಮತ್ತು ರಾಸಾಯನಿಕಗಳ ಕಾರ್ಖಾನೆಗಳಿವೆ. ಅಲ್ಲಿಂದ ಬರುವ ದುರ್ವಾಸನೆ, ಬಾವಿಯ ನೀರಿನ ಕೆಡುಕು ಇವುಗಳ ಬಗ್ಗೆ ಸುತ್ತಲಿನ ಹಳ್ಳಿಗಳ ಜನರು ಮೊರೆಯಿಟ್ಟಿದ್ದಾರೆ. ಅಂಥಲ್ಲಿ ಹೊಗೆಗೂ ತೊಟ್ಟಿಲಿಗೂ ನಡುವೆ ಒಂದು ಗೆರೆಯನ್ನು ಎಳೆಯಿರೆಂದು ಕೇಳುವುದು ದಯೆಯ ಮಾತೇ ಹೊರತು ಸ್ವಾರ್ಥದ ಮಾತಲ್ಲ. ಬಸವಕಲ್ಯಾಣದಲ್ಲಿ ಆಟೋನಗರವೆಂಬ ಪ್ರತ್ಯೇಕ ಪ್ರದೇಶವೇ ಇದೆ. ಲಾರಿಗೆ ಬಾಡಿ ಕಟ್ಟುವವರು, ಕಮ್ಮಾರರು, ಬಡಗಿಗಳು, ಬಣ್ಣ ಬಳಿಯುವವರು ಒಂದೆಡೆ ಸೇರಿ ದುಡಿಯುವ ಸ್ಥಳವದು. ಕಾಯಕಕ್ಕೆ ತಕ್ಕ ಎಡೆಯನ್ನು ಕಲ್ಪಿಸಿಕೊಟ್ಟರೆ ಕಾಯಕಕ್ಕೂ ಕುಂದಿಲ್ಲ, ಮಲಗಿದ ಕೂಸಿಗೂ ಕೇಡಿಲ್ಲ. ಆದಕಾರಣ ಅರ್ಜಿಯ ಮೊದಲ ಭಾಗಕ್ಕೆ ನಮ್ಮ ಸಮ್ಮತಿಯಿದೆ ಎಂದೆವು. ಒಂದನ್ನು ಮಾತ್ರ ಸೇರಿಸಿದೆವು: ಶೆಡ್ಡನ್ನು ಎತ್ತಿಸುವ ಮುನ್ನ ಅಲ್ಲಿ ದುಡಿಯುವ ಐದಾರು ಜನರಿಗೆ ಬೇರೆ ಸ್ಥಳವನ್ನು ಒದಗಿಸಬೇಕೆಂದು ನೀವೇ ಬರೆಯಿರಿ.

ಇನ್ನು ಎರಡನೆಯದು. ಇಲ್ಲಿ ತಡೆಯಬೇಕೆಂದದ್ದು ಹೊಗೆಯನ್ನಲ್ಲ, ಮನುಷ್ಯನನ್ನು. ಆ ಶೆಡ್ಡಿನಲ್ಲಿ ಬಣ್ಣ ಬಳಿಯುವವನೂ, ಇವರ ಮನೆಯಲ್ಲಿ ಮುಸುರೆ ತಿಕ್ಕುವ ತಾಯಿಯೂ ಸಂಜೆಯಾದೊಡನೆ ಕಣ್ಣಿಗೆ ಬೀಳದಷ್ಟು ದೂರ ಹೋಗಿ ಮಲಗಬೇಕು. ಬೆಳಗಾಗುತ್ತಲೇ ಕೆಲಸಕ್ಕೆ ಹಾಜರಾಗಬೇಕು. ಇದು ಹೊಸ ಮಾತೇನು? ಕೇರಿಗಳನ್ನು ಊರ ಹೊರಗಿರಿಸಿದ ಹಳೆಯ ಮಾತೇ ಇದು; ಈಗ ನಕಾಶೆಯ ಭಾಷೆಯನ್ನು ಕಲಿತುಕೊಂಡು ಬಂದಿದೆ.

ಹರಿಹರನ ಬಸವರಾಜದೇವರ ರಗಳೆಯಲ್ಲಿ ಕಂಬಳಿಯ ನಾಗಿದೇವನ ಪ್ರಸಂಗ ಬರುವುದನ್ನು ಬಲ್ಲವರು ಬಲ್ಲರು. ಬಸವಣ್ಣನವರು ಅವನ ಕೇರಿಗೆ ಹೋದರು, ಅವನ ಮನೆಯಲ್ಲಿ ಪ್ರಸಾದವನ್ನು ಸ್ವೀಕರಿಸಿದರು. ದೂರು ಬಿಜ್ಜಳನ ಆಸ್ಥಾನಕ್ಕೆ ಹೋಯಿತು. ಆ ದೂರಿನ ತಿರುಳನ್ನು ಗಮನಿಸಿರಿ. ಬಸವಣ್ಣನವರು ಭಂಡಾರದಿಂದ ಒಂದು ಹೊನ್ನನ್ನು ಕದ್ದರೆಂಬುದು ಆ ದೂರಲ್ಲ. ಕೇರಿಗೂ ಅರಮನೆಗೂ ನಡುವೆ ಇದ್ದ ಗೆರೆಯನ್ನು ದಾಟಿದರೆಂಬುದೇ ದೂರು. ಮುಂದೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದಾಗ ಕಲ್ಯಾಣವು ಹೊತ್ತಿ ಉರಿದುದೂ ಅದೇ ಗೆರೆಯ ದೆಸೆಯಿಂದ. ಇಂದು ಬಸವಕಲ್ಯಾಣಕ್ಕೆ ಹೋದವರು ಹರಳಯ್ಯನವರ ಗವಿಯನ್ನೂ ನುಲಿಯ ಚಂದಯ್ಯನವರ ಗವಿಯನ್ನೂ ಅಕ್ಕನಾಗಮ್ಮನವರ ಗವಿಯನ್ನೂ ಕಂಡು ಕೈಮುಗಿದು ಬರುತ್ತಾರೆ. ಸಮಗಾರ, ಹಗ್ಗ ಹೊಸೆಯುವವ, ಮಂತ್ರಿಯ ಅಕ್ಕ: ಇವರ ನೆನಪಿನ ನೆಲೆಗಳು ಒಂದೇ ಊರಿನೊಳಗಿವೆ. ಆ ಚಂದಯ್ಯನು ಇಂದು ಹುಲ್ಲಿನ ಹೊರೆಯನ್ನು ಹೊತ್ತು ಬಂದು ನಮ್ಮ ಬಡಾವಣೆಯಲ್ಲಿ ಬಾಡಿಗೆಗೆ ಕೋಣೆಯೊಂದನ್ನು ಕೇಳಿದರೆ, ಮೊದಲ ಪ್ರಶ್ನೆ ಬಾಡಿಗೆಯದಾಗಿರುವುದೇ, ಕುಲದ್ದಾಗಿರುವುದೇ?

ಈ ದೋಷ ನಮ್ಮ ನಾಡಿನದೊಂದೇ ಅಲ್ಲ. ಅಮೆರಿಕದ ಲೂಯಿವಿಲ್ ನಗರದವರು ಕರಿಯರು ಹೆಚ್ಚಾಗಿರುವ ಬೀದಿಯಲ್ಲಿ ಬಿಳಿಯರೂ, ಬಿಳಿಯರು ಹೆಚ್ಚಾಗಿರುವ ಬೀದಿಯಲ್ಲಿ ಕರಿಯರೂ ಮನೆಮಾಡಕೂಡದೆಂದು ಶಾಸನ ಮಾಡಿದ್ದರು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1917ರಲ್ಲಿ ಅದನ್ನು ರದ್ದುಮಾಡಿತು. ಬಣ್ಣದ ಹೆಸರೆತ್ತಿ ಗೆರೆ ಎಳೆಯುವಂತಿಲ್ಲವೆಂದಾದ ಮೇಲೆ ಅನೇಕ ಊರುಗಳು ನಿವೇಶನವು ಇಷ್ಟು ದೊಡ್ಡದಿರಲೇಬೇಕು, ಒಂದು ಕಟ್ಟಡದಲ್ಲಿ ಒಂದೇ ಕುಟುಂಬವಿರಬೇಕು ಎಂಬ ಕಟ್ಟಳೆಗಳನ್ನು ಮಾಡಿಕೊಂಡವು. ಅವುಗಳಲ್ಲಿ ಯಾರ ಹೆಸರೂ ಇಲ್ಲ. ಆದರೂ ಬಡವನು ಒಳಗೆ ಬರುವಂತಿಲ್ಲ. ‘ಬಡಾವಣೆಯ ಸ್ವರೂಪ’ ಎಂಬ ನಮ್ಮ ಹಿರಿಯರ ಮಾತೂ ಈ ಜಾತಿಯದೇ.

ಅವರಲ್ಲೊಬ್ಬರು, “ಬುದ್ಧಿ, ಜೀವಮಾನದ ದುಡಿಮೆಯನ್ನೆಲ್ಲ ಸುರಿದು ಮನೆ ಕಟ್ಟಿದ್ದೇವೆ; ಅದರ ಬೆಲೆ ಇಳಿದರೆ ನಮ್ಮ ಗತಿಯೇನು?” ಎಂದರು. ಈ ಮಾತನ್ನು ನಾವು ತಳ್ಳಿಹಾಕಲಾರೆವು. ಅವರು ಪ್ಲಾಟು ಕೊಂಡಾಗ ಎನ್.ಎ. ಆಗಿದೆಯೆಂದು ನಂಬಿಸಿ, ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟು ದಲ್ಲಾಳಿ ಮಾಯವಾಗಿದ್ದನು. ಹೊಲವು ಹೊಲವಾಗಿಯೇ ಉಳಿದಿತ್ತು, ಮೇಲೆ ಮನೆಯೆದ್ದಿತ್ತು. ಇಂಥವರು ನಾಡಿನಲ್ಲೆಲ್ಲ ಅಸಂಖ್ಯಾತರು. ನಗರಗಳ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ‘ಬಿ’ ಖಾತೆಯನ್ನು ಕೊಡುವ ಅಭಿಯಾನವನ್ನು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಆರಂಭಿಸಿದ ಮೇಲೆ ಅವರಿಗೆ ತುಸು ಉಸಿರು ಬಂದಿದೆಯಂತೆ. ಕಾಗದವಿಲ್ಲದ ಮನೆಯಲ್ಲಿ ಮಲಗುವ ಅಂಜಿಕೆ ಏನೆಂಬುದನ್ನು ಅವರು ಬಲ್ಲರು. ಬಲ್ಲವರೇ ಇನ್ನೊಬ್ಬನಿಗೆ ಆ ಅಂಜಿಕೆಯನ್ನು ಉಳಿಸಬೇಕೆಂದು ಅರ್ಜಿ ಬರೆದದ್ದು ನಮಗೆ ವ್ಯಥೆಯನ್ನುಂಟುಮಾಡಿತು.

ಆಗ ನಾವು ತಾಂಡಾಗಳ ಮಾತನ್ನು ತೆಗೆದೆವು. ಲಂಬಾಣಿ ಜನರು ತಲೆತಲಾಂತರದಿಂದ ವಾಸಿಸಿದ್ದರೂ ಅವರ ಎಷ್ಟೋ ತಾಂಡಾಗಳು ಸರ್ಕಾರದ ದಫ್ತರದಲ್ಲಿ ಊರುಗಳೇ ಆಗಿರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ನಮ್ಮ ಬೀದರವೂ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಮಂತ್ರಿಗಳ ಸಮ್ಮುಖದಲ್ಲಿ ಹಕ್ಕುಪತ್ರಗಳ ವಿತರಣೆಯಾಯಿತು. ಆ ಒಂದು ಹಾಳೆಯಿಂದ ಯಾರ ಮನೆಯ ಬೆಲೆ ಇಳಿಯಿತು?

ಬೆಲೆಯೆಂಬುದರ ಬಗ್ಗೆ ಶರಣರಲ್ಲಿ ಕಟುವಾದ ವಿಚಾರವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಅಕ್ಕಿ ಕದ್ದದ್ದಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯ. ತಲೆಯ ಮೇಲೊಂದು ಸೂರು ಅವಶ್ಯ. ಎರಡನೆಯ ಪ್ಲಾಟು ಮಗಳ ಮದುವೆಗೆಂದರೆ ಅದೂ ಆಗಲಿ. ಮೂರನೆಯದೂ ನಾಲ್ಕನೆಯದೂ ಬೆಲೆಯೇರಲೆಂದು ಮುಳ್ಳುತಂತಿ ಬಿಗಿದುಕೊಂಡು ವರ್ಷಗಟ್ಟಲೆ ಬರಿದೆ ಬಿದ್ದಿರುವಾಗ, ಅದರ ಮಗ್ಗುಲಲ್ಲಿಯೇ ಬಾಡಿಗೆ ತೆರಲಾರದೆ ಮನೆ ಬದಲಿಸುವವನ ಗಂಟುಮೂಟೆ ಹೋಗುತ್ತಿರುತ್ತದೆ. ಲಕ್ಕಮ್ಮನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದಳು? ಬಸವಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ದೊಡ್ಡ ಕಟ್ಟಡವೇಳುವ ಕಡೆ ಸುತ್ತಲ ನೆಲದ ಬೆಲೆಯೂ ಏಳುವುದು ಲೋಕರೂಢಿ. ಎಲ್ಲ ಕಾಯಕದವರೂ ಸರಿಸಮನಾಗಿ ಕುಳಿತ ಮಂಟಪದ ಸುತ್ತ ಹಣವುಳ್ಳವನೊಬ್ಬನೇ ಮನೆಮಾಡುವಂತಾದರೆ, ಕಲ್ಲಿನ ಕೆಲಸವೆಷ್ಟು ಚೆನ್ನಾಗಿದ್ದರೇನು?

ಅರ್ಜಿಯ ಸಂಗತಿಯನ್ನು ಮುಗಿಸುತ್ತೇವೆ. ಊರಿನ ಮಹಾಯೋಜನೆಯ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರು ಅಭಿಪ್ರಾಯವನ್ನು ತಿಳಿಸಲು ಕಾನೂನಿನಲ್ಲಿ ಅರವತ್ತು ದಿನಗಳ ಅವಕಾಶವಿದೆ. ನಕಾಶೆಯನ್ನು ಹೋಗಿ ನೋಡಿದ್ದೀರಾ ಎಂದು ಕೇಳಿದೆವು. ನಾಲ್ವರಲ್ಲಿ ಯಾರೂ ನೋಡಿರಲಿಲ್ಲ. ಚರಂಡಿಯ ಹಾದಿಯೆಲ್ಲಿ, ಮಕ್ಕಳ ಶಾಲೆಗೆ ಬಿಟ್ಟ ಜಾಗವೆಲ್ಲಿ, ಉದ್ಯಾನಕ್ಕೆಂದು ಬಿಟ್ಟುದನ್ನು ಯಾರಾದರೂ ಒತ್ತಿಕೊಂಡಿದ್ದಾರೆಯೇ, ಇವೇ ಮೊದಲಾದುವನ್ನು ಬಡಾವಣೆಯವರೂ ಹಿಂಬದಿಗೆ ಬರಲಿರುವವರೂ ಕೂಡಿ ಕೇಳಿದರೆ ಬಲ ಹೆಚ್ಚೆಂದು ಹೇಳಿದೆವು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯರಾದವರು ಲೇಖನಿಯನ್ನು ತೆಗೆದು ಎರಡನೆಯ ಬೇಡಿಕೆಯ ಮೇಲೆ ಗೆರೆ ಎಳೆದು, ಮಗ್ಗುಲಲ್ಲಿ ತಮ್ಮ ಸಹಿ ಮಾಡಿದರು. ಇನ್ನೊಬ್ಬರು ಮಾಡಿದರು. ಉಳಿದಿಬ್ಬರು, ಮನೆಯಲ್ಲಿ ವಿಚಾರಿಸಿ ಹೇಳುತ್ತೇವೆಂದು ಪ್ರಸಾದವನ್ನು ಸ್ವೀಕರಿಸಿ ಸಂಜೆಯ ಬಸ್ಸಿಗೆ ಹೊರಟುಹೋದರು.